ಮಂಚದೆತ್ತರದ ಕಾರು

4 ಸೆಪ್ಟೆಂಬರ್ 2025, ಗುರುವಾರ
ಬರ್ಕತ್‌ಪುರ, ಹೈದರಾಬಾದ್

ಬೆಳಿಗ್ಗೆ ಪೇಪರ್ ಬಿಡಿಸಿದ್ದೇ ತಡ, ಇವರ ಮುಖ ಅರಳಿತು. ಜಿಎಸ್‌ಟಿ ಮಂಡಳಿ ನಿನ್ನೆ ರಾತ್ರಿ ಸಣ್ಣ ಕಾರುಗಳ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿದೆ. 22ರಿಂದ ಜಾರಿ. "ನೋಡ್ದಿ, ತಡ ಮಾಡಿದ್ದಕ್ಕ ಫಾಯದಾ ಆಯ್ತು" ಅಂದರು. ತಡ ಆಗಿದ್ದು ಜಾಣತನದಿಂದೇನಲ್ಲ. ಯಾವ ಕಾರು ಅನ್ನುವುದೇ ಬಗೆಹರಿಯದೆ ಎಂಟು ತಿಂಗಳಿಂದ ಕೂತಿದ್ದೇವೆ.

ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ನೋಂದಣಿಯಾದದ್ದು 2010ರ ನವೆಂಬರ್ 9ರಂದು. ಈ ನವೆಂಬರಿಗೆ ಹದಿನೈದು ತುಂಬುತ್ತದೆ. ಆಮೇಲೆ ಫಿಟ್‌ನೆಸ್, ಹಸಿರು ತೆರಿಗೆ, ಆರ್‌ಟಿಎ ಓಡಾಟ. ಇಂಜಿನ್ ಇನ್ನೂ ಗಟ್ಟಿಯಾಗಿಯೇ ಇದೆ. ಗಟ್ಟಿ ಇಲ್ಲದ್ದು ಅವ್ವನ ಮೊಣಕಾಲು. ನಿನ್ನೆ ದವಾಖಾನೆಯ ಮುಂದೆ ಆಕೆಯನ್ನು ಇಳಿಸಲು ನಾನು ಒಂದು ಕೈ, ವಾಚ್‌ಮನ್ ಒಂದು ಕೈ ಹಿಡಿದು ಎಳೆಯಬೇಕಾಯಿತು. ಬಾವಿಯಿಂದ ಕೊಡ ಎತ್ತಿದ ಹಾಗೆ. ಸೀರೆ ಸರಿ ಮಾಡಿಕೊಳ್ಳುತ್ತ ಅವ್ವ ಅಂದದ್ದು ಒಂದೇ ಮಾತು: "ಹತ್ತಲಕ ಬರ್ತದವ್ವಾ, ಇಳಿಲಕ ಬರಲ್ಲ."

"ಸಣ್ಣ ಕಾರು" ಅಂದರೆ ಯಾವುದು ಎಂದು ಮಧ್ಯಾಹ್ನ ಓದಿದೆ. ಉದ್ದ ನಾಲ್ಕು ಮೀಟರ್ ಮೀರಬಾರದು. ಪೆಟ್ರೋಲ್ ಇಂಜಿನ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ದಾಟಿತೋ, ಶೇ 40. ನಾಲ್ಕು ಮೀಟರಿನ ಗೆರೆ ಹೊಸದಲ್ಲ, 2006ರ ಬಜೆಟ್ಟಿನದು. ನಮ್ಮ ರಸ್ತೆಯ ಕಾರುಗಳ ರೂಪ ತಿದ್ದಿದ್ದು ಈ ಗೆರೆಯೇ. ಡಿಝೈರ್ 2008ರಲ್ಲಿ ಬಂದಾಗ 4160 ಮಿಲಿಮೀಟರ್ ಉದ್ದವಿತ್ತು. 2012ರಲ್ಲಿ ಬಾಲ ಕತ್ತರಿಸಿಕೊಂಡು 3995ಕ್ಕೆ ನಿಂತಿತು. ಗೆರೆಯಿಂದ ಐದೇ ಮಿಲಿಮೀಟರ್ ಈಚೆ. ಆ ಗಿಡ್ಡ ಡಿಕ್ಕಿ ನೋಡಿದಾಗಲೆಲ್ಲ ಬಟ್ಟೆ ಸಾಲದೆ ಹೊಲಿದ ಜುಬ್ಬಾ ನೆನಪಾಗುತ್ತಿತ್ತು. ಕಾರಣ ಇವತ್ತು ತಿಳಿಯಿತು.

ಹೊಲಿಗೆ ಯಂತ್ರದ ಡ್ರಾಯರಿನಿಂದ ಟೇಪು ತೆಗೆದು ಪರ್ಸಿಗೆ ಹಾಕಿಕೊಂಡೆ. ಸರಕಾರ ಟೇಪು ಹಿಡಿಯುವುದಾದರೆ ನಾನೂ ಹಿಡಿಯುತ್ತೇನೆ.

14 ಸೆಪ್ಟೆಂಬರ್, ಭಾನುವಾರ

ಪಿತೃಪಕ್ಷ. "ನೋಡ್ಲಕ ಹೋಗ್ರಿ, ಪಕ್ಷದಾಗ ಹೊಸಾದ್ ಮಾತ್ರ ತರಬ್ಯಾಡ್ರಿ" ಎಂದು ಅವ್ವನ ಅಪ್ಪಣೆ. ಮಿಯಾಪುರದಿಂದ ತಮ್ಮನ ಮಗಳು ಬಂದಿದ್ದಳು. ಅವಳ ಹಟಕ್ಕೆ ಬಹದ್ದೂರ್‌ಪುರದ ಸುಧಾ ಕಾರ್ಸ್ ಮ್ಯೂಸಿಯಮ್ಮಿಗೆ ಹೋದೆವು. ಕೆ. ಸುಧಾಕರ್ ಎಂಬವರು ತಮ್ಮ ಕೈಯಿಂದ ಕಟ್ಟಿದ ಕಾರುಗಳು: ಬದನೆಕಾಯಿ, ಬರ್ಗರ್, ಷೂ, ಕ್ಯಾಮೆರಾ, ಕ್ರಿಕೆಟ್ ಚೆಂಡು. ಎಲ್ಲವೂ ಓಡುತ್ತವಂತೆ. ಬದನೆಕಾಯಿಯ ಮುಂದೆ ಬಹಳ ಹೊತ್ತು ನಿಂತೆ. ಕೆಳಗೆ ಗಾಲಿ, ಇಂಜಿನ್, ಸ್ಟೀರಿಂಗ್. ಮೇಲಿನ ಆಕಾರ ಮನಸ್ಸಿಗೆ ಬಂದಂತೆ. ಬಾಡಿ ಎಂಬುದು ಹೊದಿಕೆ ಎಂದು ಇಷ್ಟು ಸಲೀಸಾಗಿ ಹೇಳಿಕೊಡುವ ಪಾಠಶಾಲೆ ಬೇರೆ ಇರಲಿಕ್ಕಿಲ್ಲ.

ಅಲ್ಲಿಂದ ಚೌಮಹಲ್ಲಾ ಅರಮನೆ. ಗಾಜಿನ ಆಚೆ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್, 1912ರದು. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಹೇಳಿ ಮಾಡಿಸಿದ್ದು, ಬಂದಿಳಿಯುವ ಹೊತ್ತಿಗೆ ಅವರೇ ಇರಲಿಲ್ಲ. ಆಗ ರೋಲ್ಸ್ ರಾಯ್ಸ್ ಕೊಡುತ್ತಿದ್ದುದು ಚಾಸಿಸ್ಸು, ಇಂಜಿನ್ನು ಅಷ್ಟೆ. ಮೇಲಿನ ಮನೆ ಕಟ್ಟಿದವರು ಬಾರ್ಕರ್ ಎಂಬ ಬಗ್ಗಿ ಕಟ್ಟುವವರು. ಹಿಂದಿನ ಸೀಟು ಸಿಂಹಾಸನದಷ್ಟೇ ಎತ್ತರ. ನಿಜಾಮರ ಮೊಣಕಾಲನ್ನೂ ಯಾರೋ ಟೇಪು ಹಿಡಿದು ಅಳೆದಿರಬೇಕು!

ಮನೆಗೆ ಬರುವಾಗ ಹುಡುಗಿ ಕೇಳಿದಳು: "ಅತ್ತಿ, ಸೆಡಾನ್ ಅಂದ್ರ ಏನು?" ಮುನ್ನೂರು ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಇಬ್ಬರು ಆಳು ಹೊತ್ತು ನಡೆಯುತ್ತಿದ್ದ ಮುಚ್ಚಿದ ಕುರ್ಚಿಗೆ ಆ ಹೆಸರಿತ್ತು ಎಂದೆ. "ಅಂದ್ರ ಪಲ್ಲಕ್ಕಿ" ಅಂದಳು. ಹೌದು, ಪಲ್ಲಕ್ಕಿ. ಇವರು ಎಂಟು ತಿಂಗಳಿಂದ ಬೇಕು ಬೇಕು ಎನ್ನುತ್ತಿರುವುದು ಪಲ್ಲಕ್ಕಿಯನ್ನು.

19 ಸೆಪ್ಟೆಂಬರ್, ಶುಕ್ರವಾರ

ಸಂಜೆ ಎರಡು ಶೋರೂಮ್. ಪಕ್ಷವೂ ಇದೆ, ಬೆಲೆ ಇಳಿಯಲು ಮೂರು ದಿನವೂ ಬಾಕಿ ಇದೆ. ಗಿರಾಕಿಗಳಿಲ್ಲದೆ ಹುಡುಗರು ಫೋನ್ ನೋಡುತ್ತ ಕೂತಿದ್ದರು. ಅವ್ವನನ್ನೂ ಕರೆದೊಯ್ದಿದ್ದೆ.

ಹೊರಡುವ ಮುಂಚೆ ಮನೆಯಲ್ಲಿ ಒಂದು ಅಳತೆ ಮಾಡಿಕೊಂಡೆ. ಅವ್ವ ಯಾರ ಕೈಯನ್ನೂ ಹಿಡಿಯದೆ ಏಳುವುದು ತನ್ನ ಮಂಚದಿಂದ ಮಾತ್ರ. ಗಾದಿ ಸೇರಿ 21 ಇಂಚು. ಆಕೆಯ ಲೆಕ್ಕ ಬೇರೆ: "ಮೊಣಕಾಲ್ ಮ್ಯಾಲ ನಾಕ್ ಬಟ್ಟು." ಎರಡೂ ಹೆಚ್ಚು ಕಡಿಮೆ ಒಂದೇ.

ಮೊದಲು ಇವರ ಸೆಡಾನ್. ಒಳಗೆ ಕಾಲು ಚಾಚಲು ಜಾಗ, ಹಿಂದೆ ಪ್ರತ್ಯೇಕ ಡಿಕ್ಕಿ. ಊರಿಂದ ಮಾವಿನಕಾಯಿ, ಶೇಂಗಾ ಹಿಂಡಿ, ಒಣ ಮೆಣಸಿನಕಾಯಿ ತಂದರೂ ವಾಸನೆ ಒಳಗೆ ಬರುವುದಿಲ್ಲ. ನಿಜವಾದ ಅನುಕೂಲ, ಒಪ್ಪುತ್ತೇನೆ. ಹೆದ್ದಾರಿಯಲ್ಲಿ ತಗ್ಗಾದ ಕಾರು ತಿರುವಿನಲ್ಲಿ ಓಲಾಡುವುದಿಲ್ಲ, ಗಾಳಿಯನ್ನು ಸೀಳುವುದೂ ಸುಲಭ. ಆದರೆ ಸೀಟಿಗೆ ಟೇಪು ಹಿಡಿದರೆ ನೆಲದಿಂದ ಇಪ್ಪತ್ತು ಇಂಚೂ ಇಲ್ಲ. ಅವ್ವ ಕೂರಲು ಹೋಗಿ ಕಡೆಯ ಒಂದು ಗೇಣು ಧೊಪ್ಪನೆ ಬಿದ್ದಳು. ಏಳುವಾಗ ಮತ್ತೆ ಬಾವಿ, ಕೊಡ.

"ಅಂಬಾಸಡರ್‌ನಾಗ ಹಿಂಗ ಆಗ್ತಿರಲಿಲ್ಲ" ಅಂದಳು. ಮುದುಕಿಯ ಹಳಹಳಿಕೆ ಎಂದು ಇವರು ನಕ್ಕರು. ಆದರೆ ಅವ್ವ ಹೇಳಿದ್ದು ಸರಿ. ಅಂಬಾಸಡರ್ ಕೂಡ ಡಿಕ್ಕಿಯ ಕಾರೇ, ಎತ್ತರ ಮಾತ್ರ ಒಂದು ಮೀಟರ್ ಅರವತ್ತು ಸೆಂಟಿಮೀಟರಿನ ಹತ್ತಿರ. ಈಗಿನ ಡಿಝೈರ್ 1525 ಮಿಲಿಮೀಟರ್. 2014ರಲ್ಲಿ ಉತ್ತರಪಾಡಾದ ಅಂಬಾಸಡರ್ ಕಾರ್ಖಾನೆ ನಿಂತಾಗ ಪೇಟ, ಟೋಪಿ ತೆಗೆಯದೆ ಕೂರಬಹುದಾದ ಸೆಡಾನ್ ಕೂಡ ಮುಗಿಯಿತು.

ಎರಡನೆಯದು ತಮ್ಮ ಶಿಫಾರಸು ಮಾಡಿದ ದೊಡ್ಡ ಎಸ್‌ಯುವಿ. ಸೀಟು ಎದೆಮಟ್ಟ ಅನ್ನಬೇಕು. ಹತ್ತಲು ಪಕ್ಕದಲ್ಲಿ ಮೆಟ್ಟಿಲು. ಅವ್ವ ಒಂದು ಕಾಲಿಟ್ಟು ನಿಂತು, ಹುಡುಗನ ಕಡೆ ತಿರುಗಿ ತನ್ನ ದಖನಿಯಲ್ಲಿ ಕೇಳಿದಳು: "ಬೇಟಾ, ಇತ್ತಾ ಊಂಚಾ ಕಾಯ್ಕು?" ಹುಡುಗ ಗ್ರೌಂಡ್ ಕ್ಲಿಯರೆನ್ಸ್ ಬಗ್ಗೆ ಭಾಷಣ ಶುರು ಮಾಡಿದ. ಅಷ್ಟು ಹೊತ್ತಿಗೆ ಅವ್ವ ಕುರ್ಚಿ ಹುಡುಕಿಕೊಂಡು ಹೋಗಿ ಅವರು ಕೊಟ್ಟ ಚಹಾ ಕುಡಿಯುತ್ತಿದ್ದಳು.

27 ಸೆಪ್ಟೆಂಬರ್, ಶನಿವಾರ

ರಾತ್ರಿಯೆಲ್ಲ ನಿದ್ದೆಯಿಲ್ಲ. ಮೇಲೆ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರದ ಗೇಟು ತೆಗೆದಿದ್ದಾರೆ. ಮೂಸಿ ಉಕ್ಕಿ ಎಂಜಿಬಿಎಸ್ ಬಸ್ ನಿಲ್ದಾಣದೊಳಗೇ ನುಗ್ಗಿದೆ, ಪ್ರಯಾಣಿಕರನ್ನು ಹೊರಗೆ ಸಾಗಿಸಿದರು. ಚಾದರ್‌ಘಾಟ್ ಕಡೆ ದಾರಿ ಬಂದ್, ಮೂಸಾರಾಮ್‌ಬಾಗ್ ಸೇತುವೆ ನೀರಲ್ಲಿ. ನಮ್ಮ ಕಡೆ ಅಷ್ಟೇನಿಲ್ಲ. ಹಾಲು ಬರಲಿಲ್ಲ, ಅಷ್ಟೆ.

ಬೆಳಿಗ್ಗೆ ತಮ್ಮನ ಫೋನ್: "ಈಗರೆ ತಿಳೀತಾ ಅಕ್ಕಾ, ಎಸ್‌ಯುವಿ ಯಾಕ ಬೇಕಂತ?" ನನಗೆ ತಿಳಿದದ್ದು ಬೇರೆ. ಕೆಳಗೆ ಇನ್ನೂರು ಮಿಲಿಮೀಟರ್ ಜಾಗವಿದೆ ಅಂದರೆ ಇನ್ನೂರು ಮಿಲಿಮೀಟರ್ ಗುಂಡಿ, ಹಂಪ್ ದಾಟಬಹುದು ಎಂದರ್ಥ. ಹರಿಯುವ ನೀರಿನ ಲೆಕ್ಕವೇ ಬೇರೆ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ಹರಿದರೆ ದೊಡ್ಡದನ್ನೂ ಎಳೆದೊಯ್ಯುತ್ತದೆ. ಇಂಜಿನ್ ಗಾಳಿ ಎಳೆಯುವ ಕೊಳವೆಗೆ ನೀರು ಸಿಕ್ಕರೆ ಮುಗಿಯಿತು, ಕಾರು ಎಷ್ಟೇ ಎತ್ತರವಿರಲಿ. 2020ರ ಅಕ್ಟೋಬರಿನ ಮಳೆಯಲ್ಲಿ ಕಾರುಗಳು ಒಂದರ ಮೇಲೊಂದು ಕೂತ ಚಿತ್ರಗಳನ್ನು ಈ ಊರು ಮರೆತಿಲ್ಲ. ಇಂಥ ದಿನಕ್ಕೆ ತಕ್ಕ ಬಾಡಿ ಒಂದೇ: ಮನೆಯಲ್ಲಿ ನಿಂತ ಕಾರು.

2 ಅಕ್ಟೋಬರ್, ಗುರುವಾರ. ದಸರಾ

ಬನ್ನಿ ಕೊಡಲು ತಮ್ಮನ ಮನೆಯವರೆಲ್ಲ ಬಂದಿದ್ದರು. ಎಲ್ಲರೂ ಸೇರಿದರೆ ಏಳು ಜನ. ಊಟದ ನಡುವೆ ಏಳು ಸೀಟಿನ ಮಾತು ಬಂತು. ಹುಮನಾಬಾದಿನ ಜಾತ್ರೆಗೆ, ಮಾಣಿಕನಗರಕ್ಕೆ ಎಲ್ಲರೂ ಒಂದೇ ಕಾರಿನಲ್ಲಿ ಹೋಗಬಹುದಲ್ಲ ಎಂದು ಇವರು. ಜಹೀರಾಬಾದ್ ದಾಟಿ ನೂರಾ ಅರವತ್ತು ಕಿಲೋಮೀಟರ್ ಹತ್ತಿರ, ಆಸೆ ತಪ್ಪಲ್ಲ.

ನಾನು ಒಳಗೆ ಹೋಗಿ ಹೋದ ವರ್ಷದ ದಿನಚರಿ ತಂದೆ. ಐವರಿಗಿಂತ ಹೆಚ್ಚು ಜನ ಕಾರಿನಲ್ಲಿ ಹೋದ ದಿನಗಳು ನಾಲ್ಕು. ಅವ್ವನನ್ನು ದವಾಖಾನೆಗೋ ಗುಡಿಗೋ ಕರೆದೊಯ್ದದ್ದು ಐವತ್ತೆರಡು ಸಲ. ಉಳಿದ ದಿನವೆಲ್ಲ ನಾನೊಬ್ಬಳೇ, ಶಾಲೆಗೆ. ಯಾರೂ ಮಾತಾಡಲಿಲ್ಲ. ಆ ನಾಲ್ಕು ದಿನಕ್ಕೆ ಇನ್ನೋವಾ ಬಾಡಿಗೆಗೆ ಸಿಗುತ್ತದೆ, ಡ್ರೈವರ್ ಸಮೇತ. ಎರ್ಟಿಗಾದ ಏಳೂ ಸೀಟು ತುಂಬಿದರೆ ಹಿಂದೆ ಉಳಿಯುವುದು 209 ಲೀಟರ್ ಜಾಗ. ಏಳು ಜನರ ರೊಟ್ಟಿ ಬುತ್ತಿ ಇಟ್ಟರೆ ಚೀಲ ಯಾರ ತೊಡೆಯ ಮೇಲೆ?

ಎದ್ದು ಕೆಳಗೆ ಹೋಗಿ ಪಾರ್ಕಿಂಗಿಗೂ ಟೇಪು ಹಿಡಿದೆ. ಉದ್ದ ಹದಿನಾಲ್ಕು ಅಡಿ, ಅಂದರೆ 4267 ಮಿಲಿಮೀಟರ್. ಎರ್ಟಿಗಾ 4395. ಮೂತಿ ಪಕ್ಕದವರ ದಾರಿಗೆ ಐದು ಇಂಚು ಚಾಚುತ್ತದೆ. ಏಳು ಸೀಟಿನ ಮಾತು ಅಲ್ಲಿಗೆ ನಿಂತಿತು. ಇನ್ನು ಕಂಬದಿಂದ ಕಂಬಕ್ಕೆ 98 ಇಂಚು. ಡಿಝೈರ್ ಅಗಲ 1735, ವ್ಯಾಗನ್ ಆರ್ 1620. ಹೆಚ್ಚಿಗೆ ಸಿಗುವ ಈ 115 ಮಿಲಿಮೀಟರ್ ಅವ್ವ ಇಳಿಯಲು ಬೇಕು ಎಂದು ವ್ಯಾಗನ್ ಆರ್‌ಗೆ ಗುರುತು ಹಾಕಿದೆ. ಮೇಲಕ್ಕೆ ಎದ್ದ ಈ ಜಾತಿಯ ಹ್ಯಾಚ್‌ಬ್ಯಾಕ್‌ನಲ್ಲಿ ಸೀಟು ಎತ್ತರ, ಮಾಡು ಎತ್ತರ, ಡಿಕ್ಕಿ 341 ಲೀಟರ್. ಮಗ ಒಂದೇ ಮಾತಿನಲ್ಲಿ ಕಾಟು ಹೊಡೆದ: "ಅಮ್ಮಾ, 2023ರ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಾಗ ಅದಕ್ಕ ಒಂದ್ ಸ್ಟಾರ್." ಈಗ ಆರು ಏರ್‌ಬ್ಯಾಗ್ ಕೊಡುತ್ತಾರೆ ಎಂದೆ. ಏರ್‌ಬ್ಯಾಗ್ ಬೇರೆ, ಬಾಡಿಯ ಗಟ್ಟಿತನ ಬೇರೆ ಎಂದ. ಉತ್ತರ ಇರಲಿಲ್ಲ.

5 ಅಕ್ಟೋಬರ್, ಭಾನುವಾರ

ಕಂಬಗಳ ಲೆಕ್ಕ ಅವ್ವನಿಗೆ ವಿವರಿಸುತ್ತಿದ್ದೆ. ಪೂರ್ತಿ ಕೇಳಿ ಅಂದಳು: "ಅಲ್ಲ, ನಾ ಯಾಕ ಕಂಬದ ನಡುವ ಹತ್ತಲಿ? ಗೇಟಿಗಿ ತಗೊಂಡ್ ಬಾ, ಅಲ್ಲಿ ಹತ್ತತೀನಿ."

ಮೂರು ದಿನದ ಗಣಿತ ನೀರಲ್ಲಿ ಹೋಯಿತು. ಹದಿನೈದು ವರ್ಷದಿಂದ ಆಕೆ ಹತ್ತುತ್ತಿರುವುದೂ ಗೇಟಿನಲ್ಲೇ. ಮಕ್ಕಳಿಗೆ ಗಣಿತ ಕಲಿಸುವವಳು ನಾನು, ಪ್ರಶ್ನೆಯನ್ನೇ ಸರಿಯಾಗಿ ಓದಿಕೊಂಡಿರಲಿಲ್ಲ. ಅಗಲದ ತಾಪತ್ರಯ ನನ್ನೊಬ್ಬಳದೇ, ನಾನು ಓರೆಯಾಗಿ ಇಳಿಯಬಲ್ಲೆ.

ಮಧ್ಯಾಹ್ನ ಟಾಟಾ ಪಂಚ್ ನೋಡಿದೆವು. 3827 ಉದ್ದ, 1742 ಅಗಲ, ಕೆಳಗೆ 187 ಮಿಲಿಮೀಟರ್ ಜಾಗ, ಡಿಕ್ಕಿ 366 ಲೀಟರ್. 2021ರ ಪರೀಕ್ಷೆಯಲ್ಲಿ ಐದು ಸ್ಟಾರ್, ಮಗ ಸುಮ್ಮನಾದ. ಬಾಗಿಲು ತೊಂಬತ್ತು ಡಿಗ್ರಿ ತೆರೆದುಕೊಳ್ಳುತ್ತದೆ, ಮನೆಯ ಬಾಗಿಲಿನಂತೆ. ಅವ್ವ ಬೆನ್ನು ತಿರುಗಿಸಿ, ಕುಂಡಿ ಊರಿ, ಎರಡೂ ಕಾಲು ಒಟ್ಟಿಗೆ ಒಳಗೆ ತಂದಳು. ಇಳಿಯುವಾಗ ಕಾಲು ಹೊರಗಿಟ್ಟು, ತೊಡೆಗೆ ಕೈ ಕೊಟ್ಟು ಎದ್ದೇಬಿಟ್ಟಳು. ನಾನು ಚಾಚಿದ ಕೈ ಹಾಗೇ ಉಳಿಯಿತು. ಟೇಪು ಹಿಡಿದರೆ ಮಂಚಕ್ಕಿಂತ ಎರಡು ಬಟ್ಟು ಮೇಲೆ.

ಶೋರೂಮಿನವರು ಇದನ್ನೂ ಎಸ್‌ಯುವಿ ಎನ್ನುತ್ತಾರೆ. ಸುಮೋ, ಬೊಲೆರೊಗಳಂತೆ ಚಾಸಿಸ್ಸಿನ ಮೇಲೆ ಬಾಡಿ ಕೂರಿಸಿದ್ದಲ್ಲ ಇದು. ಆಲ್ಟ್ರೋಜ್ ಹ್ಯಾಚ್‌ಬ್ಯಾಕ್‌ನ ಅಡಿಪಾಯದ ಮೇಲೆ ಎದ್ದ, ಮೈಯೆಲ್ಲ ಒಂದೇ ಎರಕದಂತಿರುವ ಸಣ್ಣ ಕಾರು. ಹೆಸರು ದೊಡ್ಡದು, ತೆರಿಗೆ ಸಣ್ಣದು. ತಮ್ಮ ಗೆದ್ದೆ ಎಂದುಕೊಂಡಿದ್ದಾನೆ, ಇರಲಿ. ಇವರಿಗೆ ಪಲ್ಲಕ್ಕಿ ತಪ್ಪಿದ ಬೇಸರ. ಗೇಣುದ್ದದ ಆ ಡಿಕ್ಕಿಯ ಗೌರವ ಎಂಥದೋ ನನಗಂತೂ ತಿಳಿದಿಲ್ಲ.

1 ನವೆಂಬರ್, ಶನಿವಾರ. ರಾಜ್ಯೋತ್ಸವ

ದೀಪಾವಳಿಯ ನೂಕುನುಗ್ಗಲಿನಲ್ಲಿ ಮೂರು ವಾರ ಕಾಯಿಸಿ ಇವತ್ತು ಕೊಟ್ಟರು. ಗಾಲಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ. ಮೊದಲ ಓಡಾಟ ಕಾಚಿಗುಡಕ್ಕೆ, ಕರ್ನಾಟಕ ಸಾಹಿತ್ಯ ಮಂದಿರದ ಧ್ವಜ ನೋಡಲು. ಅವ್ವ ಗೇಟಿನಲ್ಲಿ ಹತ್ತಿದಳು, ಮಂದಿರದ ಮುಂದೆ ತಾನೇ ಇಳಿದಳು.

ಪಾರ್ಕಿಂಗಿನಲ್ಲಿ ನಾನು ಓರೆಯಾಗಿ ಇಳಿಯುವಾಗ ಬಲಗಡೆಯ ಕಂಬಕ್ಕೆ ಬಾಗಿಲು ತಾಗಿ ಒಂದು ಗೀರು ಬಿತ್ತು. ಒಂದೂವರೆ ಇಂಚು. ಇವರಿಗೆ ಇನ್ನೂ ಹೇಳಿಲ್ಲ.