ಹಿಮದ ನಾಡಿನಲ್ಲಿ ಹೈಡ್ರೇಂಜಿಯ

ಊಟಿಗೆ ಹೋಗಿಬಂದವರು ಹೈಡ್ರೇಂಜಿಯವನ್ನು ಕಂಡೇ ಇರುತ್ತಾರೆ. ಹೆಸರು ತಿಳಿಯದಿದ್ದರೂ ಚೆಂಡಿನಂತೆ ದುಂಡಗೆ ಅರಳಿದ ಆ ನೀಲಿ ಹೂವಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡಿರುತ್ತಾರೆ. ಅದೇ ಕುಲದ ಇನ್ನೊಂದು ಗಿಡವನ್ನು ನಾನು ಕಂಡದ್ದು ಅಮೆರಿಕದಲ್ಲಿ, ಬೋಸ್ಟನ್ ನಗರದ ಹೊರವಲಯದಲ್ಲಿರುವ ಅಕ್ಕನ ಮನೆಯ ಅಂಗಳದಲ್ಲಿ. ಆಗ ಮಾರ್ಚ್ ತಿಂಗಳು. ಬೇಲಿಯ ಬುಡದಲ್ಲಿ ಹಿಮವು ಕೊಳೆಯಾದ ಉಪ್ಪಿನ ರಾಶಿಯಂತೆ ಇನ್ನೂ ಬಿದ್ದಿತ್ತು. ಗಿಡದಲ್ಲಿ ಎಲೆಯಿಲ್ಲ; ಹಿಂದಿನ ವರ್ಷದ ಹೂಗೊಂಚಲುಗಳು ಮಾತ್ರ ಕಂದು ಕಾಗದದಂತೆ ಒಣಗಿ ಗಾಳಿಗೆ ಸರಸರನೆ ಸದ್ದುಮಾಡುತ್ತಿದ್ದುವು.

ಈ ಗಿಡದ ವಿಷಯವಾಗಿ ಮನೆಯಲ್ಲಿ ಒಂದು ವ್ಯಾಜ್ಯವೇ ನಡೆದಿತ್ತು. ಆಳೆತ್ತರ ಮೀರಿ ಕಿಟಕಿಯನ್ನು ಮರೆಮಾಡಿದ್ದ ಅದನ್ನು ಸವರಲೇಬೇಕೆಂದು ಭಾವನವರ ವಾದ. “ಹೋದ ವರ್ಷ ಗೌರಿಗೆ ಏರಿಸಿದ್ದು ಇದೇ ಹೂವು ಕಣೋ. ಈಗ ಕತ್ತರಿ ಹಾಕಿ, ಹಬ್ಬಕ್ಕೆ ಒಂದು ಹೂವೂ ಇಲ್ಲದೆ ಹೋದರೆ ಈ ಊರಿನಲ್ಲಿ ಮಲ್ಲಿಗೆ ಎಲ್ಲಿಂದ ತರಲಿ?” ಎಂದು ಅಕ್ಕನ ಪ್ರಶ್ನೆ. ತೀರ್ಪು ಕೊಟ್ಟವರು ನೆರೆಮನೆಯ ಅಜ್ಜಿ. ಅಂಗಳದಲ್ಲಿ ಹೈಡ್ರೇಂಜಿಯಗಳು ಎರಡಿದ್ದುವು. ತೆನೆಯಂತೆ ನೀಳವಾಗಿ ಹೂಬಿಡುವ ಇದನ್ನು ಅಂಜದೆ ಕತ್ತರಿಸಿ, ಮೂಲೆಯಲ್ಲಿರುವ ದುಂಡು ಹೂವಿನ ಗಿಡವನ್ನು ಮಾತ್ರ ಮುಟ್ಟಬೇಡಿ ಎಂದರು ಆಕೆ.

ಕಾರಣ ಹೀಗಿದೆ. ದುಂಡು ಹೂವಿನ ಗಿಡವು ಈ ವರ್ಷ ಅರಳಬೇಕಾದ ಮೊಗ್ಗನ್ನು ಹಿಂದಿನ ವರ್ಷವೇ ಹಳೆಯ ಕಡ್ಡಿಯಲ್ಲಿ ಅಡಗಿಸಿಟ್ಟಿರುತ್ತದೆ. ಚಳಿಗಾಲದ ಕೊನೆಯಲ್ಲಿ ತುದಿ ಕತ್ತರಿಸಿದರೆ ಆ ವರ್ಷದ ಹೂವು ಹೋದಂತೆಯೇ. ತೆನೆ ಹೈಡ್ರೇಂಜಿಯವಾದರೋ ವಸಂತದಲ್ಲಿ ಹೊಸದಾಗಿ ಹೊರಟ ಚಿಗುರಿನ ತುದಿಯಲ್ಲಿಯೇ ಮೊಗ್ಗು ಕಟ್ಟುವುದು. ನಮ್ಮ ಕಡೆ ದುಂಡುಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರಿ, ಬೇಸಗೆಯಲ್ಲಿ ಹೊಸ ಚಿಗುರಿನಿಂದ ಹೂ ಬಿಡಿಸುವುದಿಲ್ಲವೆ? ಈ ಹೋಲಿಕೆ ಹೊಳೆದ ಮೇಲೆಯೇ ಅಕ್ಕ ಕತ್ತರಿಯನ್ನು ಕೈಗೆ ಕೊಟ್ಟದ್ದು.

ಅಜ್ಜಿ ಮೊದಲು ಸತ್ತ ಕಡ್ಡಿಗಳನ್ನು ತೆಗೆದರು. ಅನಂತರ ಒಂದಕ್ಕೊಂದು ಉಜ್ಜುವ ರೆಂಬೆಗಳನ್ನೂ, ಪೆನ್ಸಿಲಿಗಿಂತ ತೆಳ್ಳಗಿನವುಗಳನ್ನೂ ಬುಡಕ್ಕೆ ಕತ್ತರಿಸಿದರು. ಉಳಿದವುಗಳನ್ನು ಮೂರನೆಯ ಒಂದು ಪಾಲಿನಷ್ಟು ಗಿಡ್ಡಗೊಳಿಸಿದರು. ಪ್ರತಿಯೊಂದು ಪೆಟ್ಟೂ ಒಂದು ಜೊತೆ ಕಣ್ಣುಗಳ ಸ್ವಲ್ಪ ಮೇಲೆಯೇ ಬೀಳಬೇಕು. (ಕೆಲವು ಗಿಣ್ಣುಗಳಲ್ಲಿ ಕಣ್ಣು ಮೂರು! ಸಸ್ಯಗಳಲ್ಲಿಯೂ ಮುಕ್ಕಣ್ಣರಿದ್ದಾರೆ.) ಬುಡದವರೆಗೆ ಬೋಳಿಸಿದರೆ ಗೊಂಚಲು ದೊಡ್ಡದಾಗುವುದು ನಿಜ, ಆದರೆ ಸಂಖ್ಯೆ ಕಡಿಮೆ, ಮಳೆ ಬಿದ್ದೊಡನೆ ಎಳೆಯ ಕಡ್ಡಿ ಭಾರ ತಾಳದೆ ನೆಲಕ್ಕೆ ಬಾಗುತ್ತದೆ. ದೊಡ್ಡ ಹೂವಿನ ಆಸೆಗೆ ಹಾಗೆ ಮಾಡುವುದು ನನಗೇನೂ ಸೊಗಸೆನಿಸಲಿಲ್ಲ. ಸವರಿದ ಮೇಲೆ ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಒಣ ಎಲೆಯ ಹೊದಿಕೆ, ಬೇಸಗೆಯಲ್ಲಿ ಧಾರಾಳವಾಗಿ ನೀರು, ಇಷ್ಟೇ ಆರೈಕೆ.

ಮರುದಿನ ನಗರದ ಅರ್ನಾಲ್ಡ್ ಸಸ್ಯೋದ್ಯಾನಕ್ಕೆ ಹೋದೆವು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಈ ತೋಟ 1872ರಲ್ಲಿ ಸ್ಥಾಪಿತವಾದುದು. ಅದರ ಮೊದಲ ನಿರ್ದೇಶಕ ಚಾರ್ಲ್ಸ್ ಸಾರ್ಜೆಂಟ್ 1892ರಲ್ಲಿ ಜಪಾನಿಗೆ ಹೋಗಿ ತಂದ ಬೀಜಗಳಿಂದ, ಬೇಗ ಹೂಬಿಡುವ ‘ಪ್ರೀಕಾಕ್ಸ್’ ಎಂಬ ತೆನೆ ಹೈಡ್ರೇಂಜಿಯ ಇಲ್ಲಿ ಬೆಳೆಯಿತು. ಜಪಾನು, ಚೀನಗಳೇ ಈ ಗಿಡದ ತವರು. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಾಳಬಲ್ಲುದು.

ಗೌರೀಹಬ್ಬದ ದಿನ ಅಕ್ಕ ಚಿತ್ರವನ್ನು ಕಳುಹಿಸಿದಳು. ದೇವಿಯ ಎರಡು ಪಕ್ಕಕ್ಕೂ ಮೊಳದುದ್ದದ ಬಿಳಿಯ ತೆನೆಗಳು. ತಿಂಗಳು ಕಳೆದು ರಾತ್ರಿಗಳು ತಣ್ಣಗಾದಂತೆ, ಗಿಡದಲ್ಲಿ ಉಳಿದವು ಗುಲಾಬಿ ಬಣ್ಣಕ್ಕೆ ತಿರುಗಿದುವಂತೆ. ಊಟಿಯ ಹೂವಿಗೆ ಹುಳಿ ಮಣ್ಣು ನೀಲಿಯನ್ನು ಕೊಡುವಂತೆ ಈ ಹೂವಿನ ಬಣ್ಣಕ್ಕೆ ಮಣ್ಣಿನ ಹಂಗಿಲ್ಲ. ಮೂಲೆಯ ದುಂಡು ಹೂವಿನ ಗಿಡವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದರ ಮೊಗ್ಗುಗಳನ್ನು ಹಿಂದಿನ ಚಳಿಗಾಲವೇ ಸುಟ್ಟುಹಾಕಿತ್ತು. ಬುಡದ ಹತ್ತಿರ, ಹಿಮದಡಿಯಲ್ಲಿ ಉಳಿದುಕೊಂಡಿದ್ದ ಎರಡೇ ಮೊಗ್ಗು ಅರಳಿದುವು.