ತುರುವನೂರು ಸೀಮೆಯಲ್ಲಿ ಗರ್ಭಕೋಶದ ಗಡ್ಡೆಯ ತಪಾಸಣೆ

ಗರ್ಭಕೋಶದ ಗಡ್ಡೆಗಳಲ್ಲಿ ಬಹುಪಾಲು ಫೈಬ್ರಾಯ್ಡ್‌ಗಳೇ, ಅವು ಕ್ಯಾನ್ಸರ್ ಅಲ್ಲ. ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆ, ಸ್ನಾಯುವಿನಲ್ಲಿ ಅಪರೂಪಕ್ಕೆ ಕಾಣುವ ಸಾರ್ಕೋಮಾ ಬೇರೆ. ಚಿತ್ರದುರ್ಗ ಜಿಲ್ಲೆಯ ತುರುವನೂರು ಸೀಮೆಯ ಹೆಂಗಸರಿಗೆ ಈ ವ್ಯತ್ಯಾಸ ಬಹುಕಾಲ ಆಪರೇಷನ್ ಆದ ಮೇಲೆ ತಿಳಿಯುತ್ತಿತ್ತು. ಕೆಲವರಿಗೆ ತಿಳಿಯುತ್ತಲೇ ಇರಲಿಲ್ಲ.

ಸ್ಕ್ಯಾನಿಂಗ್ ಹತ್ತಿರಕ್ಕೆ ಬರುವ ಮುನ್ನ ವೈದ್ಯರ ಕೈಯೇ ಅಳತೆಗೋಲು. ಹೊಟ್ಟೆ ಒತ್ತಿ ನೋಡಿ, ಗರ್ಭಕೋಶ ಮೂರು ತಿಂಗಳ ಬಸುರಿನಷ್ಟಾಗಿದೆ, ನಾಲ್ಕು ತಿಂಗಳಿನಷ್ಟಾಗಿದೆ ಎಂದು ಚೀಟಿಯಲ್ಲಿ ಬರೆಯುತ್ತಿದ್ದರು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ ಬಿಳಿಚಿಕೊಂಡವರಿಗೆ, ಮಕ್ಕಳಾಗಿದ್ದರೆ, ಗರ್ಭಕೋಶ ತೆಗೆಸುವುದೇ ದಾರಿ. ತೆಗೆದದ್ದನ್ನು ಫಾರ್ಮಲಿನ್ ತುಂಬಿದ ಡಬ್ಬಿಗೆ ಹಾಕಿ, ಹೆಸರು ಬರೆದ ಪಟ್ಟಿ ಅಂಟಿಸಿ, ಮನೆಯವರ ಕೈಗೆ ಕೊಡುವುದಿತ್ತು. ಅವರು ಅದನ್ನು ಕೈಚೀಲದಲ್ಲಿಟ್ಟುಕೊಂಡು ಚಿತ್ರದುರ್ಗಕ್ಕೋ, 1965ರಲ್ಲೇ ವೈದ್ಯಕೀಯ ಕಾಲೇಜು ಕಂಡ ದಾವಣಗೆರೆಗೋ ಬಸ್ಸು ಹತ್ತಬೇಕು. ಲ್ಯಾಬಿನಲ್ಲಿ ತುಂಡನ್ನು ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಕೊಯ್ದು, ನೀಲಿ, ಗುಲಾಬಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅಷ್ಟರಲ್ಲಿ ಹೊಲಿಗೆ ಒಣಗಿ, ಶೇಂಗಾ ಕೀಳುವ ಹಂಗಾಮು ಬಂದುಬಿಟ್ಟರೆ ವರದಿ ತರಲು ಮತ್ತೆ ಹೋಗುವವರು ಯಾರು? ಕ್ಯಾನ್ಸರ್ ಎಂದು ಬರೆದ ಕಾಗದವೂ ಹಾಗೇ ಉಳಿದುಬಿಡುವ ಅಪಾಯವಿತ್ತು. ವರದಿ ಕೈಗೆ ಬಂದವರಿಗೆ ಮುಂದಿನ ದಾರಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ.

ಅಲ್ಟ್ರಾಸೌಂಡ್ ಬಂದ ಮೇಲೆ ತಪಾಸಣೆ ಮೊದಲು, ಕತ್ತರಿ ಆಮೇಲೆ ಎಂದಾಯಿತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಾಣಿಸಿದರೆ ಈಗ ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡುತ್ತಾರೆ. 4 ಮಿಲಿಮೀಟರ್ ದಾಟಿದ್ದರೆ ಪೈಪೆಲ್ ಎಂಬ ಸಪೂರ ನಳಿಕೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಮತ್ತು ಬರಿಸಬೇಕಿಲ್ಲ, ಅದೇ ದಿನ ಮನೆಗೆ ಮರಳಬಹುದು. ಹಳ್ಳಿಯ ಹೆಂಗಸಿಗೆ ಆದ ದೊಡ್ಡ ಉಪಕಾರ ಇದೇ. ಒಳಪದರದ ಕ್ಯಾನ್ಸರ್ ಬಹುಮಟ್ಟಿಗೆ ಮೊದಲೇ ರಕ್ತ ತೋರಿಸಿ ಎಚ್ಚರಿಸುತ್ತದೆ. ನಾಚಿಕೆಯಿಂದ ಸುಮ್ಮನಿದ್ದರೆ ಕೈಮೀರಬಹುದು.

ಒಳಪದರದ ಕ್ಯಾನ್ಸರಿನಲ್ಲಿ ಎರಡು ಬಗೆ ಎಂದು 1983ರಲ್ಲಿ ಲೆನಿನ್‌ಗ್ರಾಡಿನ ವೈದ್ಯ ಬೊಖ್ಮನ್ ಹೇಳಿದ್ದರು. ಒಂದು ಈಸ್ಟ್ರೋಜನ್ ಹೆಚ್ಚಳಕ್ಕೆ, ಬೊಜ್ಜಿಗೆ ತಳುಕು ಹಾಕಿಕೊಂಡದ್ದು, ಇನ್ನೊಂದು ಅದರ ಹಂಗಿಲ್ಲದೆ ಬೇಗ ಹರಡುವಂಥದ್ದು. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯವರು 373 ಗಡ್ಡೆಗಳ ವಂಶವಾಹಿಗಳನ್ನು ಓದಿ ನಾಲ್ಕು ಗುಂಪು ಮಾಡಿದರು. ಪೋಲ್‌ಇ ವಂಶವಾಹಿಯಲ್ಲಿ ದೋಷವಿರುವ ಗಡ್ಡೆ ನೋಡಲು ಭೀಕರವಾಗಿದ್ದರೂ ರೋಗಿ ಚೆನ್ನಾಗಿ ಬದುಕುತ್ತಾಳೆ. ಪಿ53 ಎಂಬ ಇನ್ನೊಂದು ವಂಶವಾಹಿ ಕೆಟ್ಟಿದ್ದರೆ ಚಿಕಿತ್ಸೆ ಬಿಗಿಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣವೂ, ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋದ 2023ರ ಹಂತಪಟ್ಟಿಯೂ ಈ ಗುಂಪು ವಿಂಗಡಣೆಯನ್ನು ಒಳಗೊಂಡಿವೆ. ಪಿ53 ಪರೀಕ್ಷೆಗೆ ಹಳೆಯ ಮೇಣದ ಅಚ್ಚೇ ಸಾಕು. ಪೋಲ್‌ಇ ಪರೀಕ್ಷೆಗೆ ಮಾತ್ರ ದೊಡ್ಡ ಊರಿನ ಲ್ಯಾಬೇ ಆಗಬೇಕು, ಖರ್ಚೂ ಹೆಚ್ಚು.

ಸಾರ್ಕೋಮಾ ಇನ್ನೂ ಕಗ್ಗಂಟು. ಕೋಶಗಳ ವಿಕಾರ, ವಿಭಜನೆಯ ಎಣಿಕೆ, ಸತ್ತ ಭಾಗ ಈ ಮೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನ. ಆಪರೇಷನ್‌ಗೆ ಮುನ್ನ ಎಂಆರ್‌ಐ ಕೂಡ ಖಚಿತ ಹೇಳಲಾರದು. ಫೈಬ್ರಾಯ್ಡ್ ಎಂದುಕೊಂಡು ಹೊಟ್ಟೆಯೊಳಗೇ ಯಂತ್ರದಿಂದ ಚೂರು ಮಾಡಿದರೆ ಅಡಗಿದ್ದ ಸಾರ್ಕೋಮಾ ಹರಡೀತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಮುಟ್ಟು ನಿಂತ ಮೇಲೂ ಬೆಳೆಯುವ ಗಡ್ಡೆಯನ್ನು ಹಾಗೆ ಚೂರು ಮಾಡದೆ ಇಡಿಯಾಗಿ ತೆಗೆಯುವುದೇ ಸರಿ.