ಅವ್ವನಿಗೊಂದು ಜನ್ಮರತ್ನ

ಹುಟ್ಟಿದ ತಿಂಗಳಿನ ಹರಳನ್ನು ಒಡವೆಯಲ್ಲಿ ಕೂರಿಸಿ ಉಡುಗೊರೆ ಕೊಡುವ ಪದ್ಧತಿ ನಮ್ಮ ಮುಂಬಯಿ ಕನ್ನಡಿಗರ ಮನೆಗಳಿಗೂ ಕಾಲಿಟ್ಟಿದೆ. ನಾವು ಚಿಕ್ಕವರಿದ್ದಾಗ ಹುಟ್ಟುಹಬ್ಬವೆಂದರೆ ತಲೆಗೆ ಎಣ್ಣೆ-ನೀರು, ದೇವರ ಮುಂದೆ ದೀಪ, ಒಂದು ಬಟ್ಟಲು ಶಾವಿಗೆ ಪಾಯಸ. ಅಲ್ಲಿಗೆ ಹಬ್ಬ ಮುಗಿಯುತ್ತಿತ್ತು. ಈಗಿನ ಮಕ್ಕಳು “ನನ್ನದು ಸೆಪ್ಟೆಂಬರ್, ನನಗೆ ನೀಲ” ಎಂದು ಹಕ್ಕಿನಿಂದ ಕೇಳುತ್ತಾರೆ. ಕೇಳಲಿ, ತಪ್ಪೇನಿಲ್ಲ. ಆದರೆ ಕೊಡುವವರಿಗೆ ಇದು ಎಲ್ಲಿಯ ಲೆಕ್ಕ, ಹರಳನ್ನು ಹೇಗೆ ಕೊಳ್ಳಬೇಕು, ಕೊಂಡ ಮೇಲೆ ಹೇಗೆ ಕಾಪಾಡಬೇಕು ಎಂಬುದು ತಿಳಿದಿದ್ದರೆ ಒಳಿತು. ಡೊಂಬಿವಲಿ, ಮುಲುಂಡ್, ಕಾಂದಿವಲಿಗಳಲ್ಲಿ ಚದುರಿ ಬದುಕುತ್ತಿರುವ ಒಡಹುಟ್ಟಿದ ಮೂವರು ನಾವು. 2024ರಲ್ಲಿ ನಮ್ಮ ಅವ್ವನಿಗಾಗಿ ಇಂಥದೊಂದು ಉಡುಗೊರೆ ಹುಡುಕಲು ಹೊರಟಾಗ ತಿಳಿದುಕೊಂಡ ನಾಲ್ಕು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ತಿಂಗಳಿಗೊಂದು ಹರಳು ಎಂಬ ಈಗಿನ ಪಟ್ಟಿ ಬಹು ಪುರಾತನವಾದದ್ದೇನೂ ಅಲ್ಲ. 1912ರಲ್ಲಿ ಅಮೆರಿಕದ ಕಾನ್ಸಾಸ್ ನಗರದಲ್ಲಿ ಸಭೆ ಸೇರಿದ ಅಲ್ಲಿಯ ಆಭರಣ ವ್ಯಾಪಾರಿಗಳ ಸಂಘ ಅದನ್ನು ಗೊತ್ತುಪಡಿಸಿತು. ಏಪ್ರಿಲ್‌ಗೆ ವಜ್ರ, ಮೇ ತಿಂಗಳಿಗೆ ಪಚ್ಚೆ, ಜೂನ್‌ಗೆ ಮುತ್ತು, ಜುಲೈಗೆ ಮಾಣಿಕ್ಯ, ಸೆಪ್ಟೆಂಬರ್‌ಗೆ ನೀಲ, ಹೀಗೆ. 1967ರಲ್ಲಿ ಟಾಂಜಾನಿಯಾದಲ್ಲಿ ಹೊಸದಾಗಿ ಬೆಳಕಿಗೆ ಬಂದ ನೀಲಿ ಹರಳೊಂದನ್ನು 2002ರಲ್ಲಿ ಡಿಸೆಂಬರ್‌ಗೆ ಸೇರಿಸಿದರು. 2016ರಲ್ಲಿ ಆಗಸ್ಟ್‌ಗೆ ಸ್ಪೈನಲ್ ಬಂದು ಕೂತಿತು. ವ್ಯಾಪಾರ ಬೆಳೆದ ಹಾಗೆ ಪಟ್ಟಿಯೂ ಬೆಳೆಯುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

ನಮ್ಮವರ ಲೆಕ್ಕ ಬೇರೆ. ಅದು ತಿಂಗಳದ್ದಲ್ಲ, ಗ್ರಹದ್ದು. ರವಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಜಾತಕ ನೋಡಿ ಯಾವ ಗ್ರಹಕ್ಕೆ ಬಲ ಬೇಕೋ ಅದರ ರತ್ನ. ಹೀಗಾಗಿ ಜುಲೈಯಲ್ಲಿ ಹುಟ್ಟಿದ ಹುಡುಗಿಗೆ ಅಮೆರಿಕದ ಪಟ್ಟಿ ಮಾಣಿಕ್ಯ ಹೇಳಿದರೆ, ಊರಿನ ಜೋಯಿಸರು ಹವಳ ಹೇಳಬಹುದು. ಒಂದೇ ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಜಗಳ ಹತ್ತಲು ಇಷ್ಟು ಸಾಕು.

ನಮ್ಮ ಮನೆಯ ತೊಡಕು ಇನ್ನೊಂದು ಬಗೆಯದು. ನಮ್ಮ ಅವ್ವನಿಗೆ ಜಾತಕವೇ ಇಲ್ಲ. ಧಾರವಾಡ ಸೀಮೆಯ ಹಳ್ಳಿಯಲ್ಲಿ ಹುಟ್ಟಿದವಳು. ಶಾಲೆಗೆ ಹೆಸರು ಹಚ್ಚಿದಾಗ ಮಾಸ್ತರರು, ಆ ಕಾಲದ ನೂರಾರು ಮಕ್ಕಳಿಗೆ ಬರೆದ ಹಾಗೆ, 1943 ಜೂನ್ 1 ಎಂದು ಬರೆದುಬಿಟ್ಟರು. ರೇಷನ್ ಕಾರ್ಡಿನಿಂದ ಆಧಾರ್ ಕಾರ್ಡಿನವರೆಗೆ ಅದೇ ನಡೆದುಬಂದಿದೆ. ಅವ್ವನನ್ನು ಕೇಳಿದರೆ, “ಮಿರಗಾ ಮಳಿ ಹತ್ತಿತ್ತಂತ, ಬಿತ್ತಿಗಿ ನಡದಿತ್ತಂತ” ಎನ್ನುತ್ತಾಳೆ. ಮೃಗಶಿರಾ ಮಳೆಯೆಂದರೆ ಜೂನ್ ಎರಡನೆಯ ವಾರದ ಸುಮಾರು. ಮಳೆಯ ನಕ್ಷತ್ರ ಗೊತ್ತು, ಹುಟ್ಟಿದ ನಕ್ಷತ್ರ ಗೊತ್ತಿಲ್ಲ!

ಆ ವರ್ಷ ಅವ್ವನ ಸಹಸ್ರ ಚಂದ್ರದರ್ಶನ ಮಾಡಬೇಕೆಂದು ನಾವು ಮಾತಾಡಿಕೊಂಡೆವು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆಗೆ ಸುಮಾರು 80 ವರ್ಷ 10 ತಿಂಗಳು. ಮಾಸ್ತರರ ತಾರೀಖನ್ನೇ ನಂಬಿದರೂ ಲೆಕ್ಕ ಕೂಡಿಬರುತ್ತಿತ್ತು. ಸಾವಿರ ಚಂದ್ರರನ್ನು ಕಂಡವಳಿಗೆ ಚಂದ್ರನ ರತ್ನವಾದ ಮುತ್ತು. ಜೂನ್ ತಿಂಗಳ ಪಟ್ಟಿಯಲ್ಲಿಯೂ ಮುತ್ತೇ. ಎರಡು ಪಂಚಾಂಗಗಳೂ ಒಂದೇ ಮಾತು ಹೇಳಿದ್ದು ಇದೊಂದೇ ಸಲ ಎಂದು ನಮ್ಮಲ್ಲಿ ಕಿರಿಯವನು ನಕ್ಕ.

ಆದರೆ ಮುತ್ತಿಗೆ ನಾವು ಮನಸ್ಸು ಕೊಟ್ಟದ್ದು ಪಂಚಾಂಗಕ್ಕಾಗಿ ಮಾತ್ರವಲ್ಲ. ಅವ್ವನಿಗೆ ತವರಿನಿಂದ ಬಂದ ಒಂದು ಜೊತೆ ಮುತ್ತಿನ ಬುಗುಡಿ ಇತ್ತು. ಅಪ್ಪ ಪರೇಲಿನ ಕಡೆ ಒಂದು ಮಿಲ್ಲಿನಲ್ಲಿ ಕೆಲಸಕ್ಕಿದ್ದರು. 1982ರ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ಇಂದು ಮುಗಿದೀತು, ನಾಳೆ ಮುಗಿದೀತು ಎಂದು ಕಾದವರ ಮನೆಗಳಲ್ಲಿ ಮೊದಲು ಹಿತ್ತಾಳೆ ಪಾತ್ರೆ ಹೋಯಿತು, ಆಮೇಲೆ ಬಂಗಾರ. ನಮ್ಮಲ್ಲಿ ಹಿರಿಯಳು ಅದೇ ವರ್ಷ ಕಾಲೇಜು ಸೇರಬೇಕಾಗಿತ್ತು. ಬುಗುಡಿ ಗಿರವಿ ಅಂಗಡಿಗೆ ಹೋದದ್ದು ಮರಳಿ ಬರಲಿಲ್ಲ. ಅವ್ವ ಅದರ ಮಾತನ್ನು ಒಮ್ಮೆಯೂ ಎತ್ತಿದವಳಲ್ಲ. ಅಪ್ಪ ತೀರಿಕೊಂಡ ಮೇಲಂತೂ ಅವಳ ಕೊರಳು ಬರಿದಾಗಿಯೇ ಉಳಿದಿತ್ತು. ಈಗ ಕೊಟ್ಟರೆ ಅವಳು ತೊಟ್ಟಾಳೆಯೇ, ಊರಿನವರು ಏನೆಂದಾರು, ಕೊಟ್ಟು ಅವಳ ಮನಸ್ಸು ನೋಯಿಸಿದಂತಾದೀತೇ ಎಂಬುದೇ ನಮಗೆ ಹಣಕ್ಕಿಂತ ದೊಡ್ಡ ಚಿಂತೆಯಾಗಿತ್ತು.

ಮೊದಲು ಬುಗುಡಿಯನ್ನೇ ಮಾಡಿಸೋಣ ಎಂದುಕೊಂಡೆವು. ದಾದರಿನಲ್ಲಿ ಉತ್ತರ ಕನ್ನಡದ ಕಡೆಯ ಪತ್ತಾರರೊಬ್ಬರು ಒಂದೇ ಮಾತಿನಲ್ಲಿ ತಿಳಿಹೇಳಿದರು: “ನಲವತ್ತು ವರ್ಷ ತೊಡದ ಮೇಲೆ ಕಿವಿಯ ಮೇಲಿನ ತೂತು ಮುಚ್ಚಿಹೋಗಿರುತ್ತದೆ. ಈ ವಯಸ್ಸಿನಲ್ಲಿ ಮತ್ತೆ ಚುಚ್ಚಿಸುತ್ತೀರಾ?” ಉಂಗುರ ಎಂದರೆ ಅವ್ವನ ಬೆರಳ ಗೆಣ್ಣುಗಳು ಸಂಧಿವಾತದಿಂದ ಬಾತಿವೆ. ಉಡುಗೊರೆ ಕೊಡುವವರು ಹರಳಿಗಿಂತ ಮೊದಲು ತೊಡುವವರ ಮೈಯನ್ನು ನೋಡಬೇಕೆಂದು ಆಗ ಅನಿಸಿತು. ಕೊನೆಗೆ, ಕೊಕ್ಕೆ ಹಾಕುವ ತೊಂದರೆಯಿಲ್ಲದೆ ತಲೆಯ ಮೇಲಿಂದ ಇಳಿಬಿಡಬಹುದಾದ ಉದ್ದನೆಯ ಒಂದೆಳೆ ಸರ ಎಂದು ನಿಶ್ಚಯವಾಯಿತು.

ಮಸ್ಜಿದ್ ಸ್ಟೇಶನ್ನಿನಲ್ಲಿ ಇಳಿದು ಜನಜಂಗುಳಿಯಲ್ಲಿ ನುಸುಳುತ್ತ ಮುಂಬಾದೇವಿ ಗುಡಿಯ ಹತ್ತಿರದ ಜವೇರಿ ಬಜಾರಿಗೆ ಹೋದೆವು. ಅದರ ಬಳಿಯಲ್ಲೇ ಮೋತಿ ಬಜಾರ್. ಪರ್ಷಿಯನ್ ಕೊಲ್ಲಿಯಲ್ಲಿ ಮುಳುಗಾಳುಗಳು ತೆಗೆದ ಮುತ್ತು ಒಂದು ಕಾಲಕ್ಕೆ ಹಾಯಿಹಡಗುಗಳಲ್ಲಿ ಮುಂಬಯಿಗೇ ಬರುತ್ತಿತ್ತು. ಇಲ್ಲಿ ಜರಡಿ ಹಿಡಿದು ಗಾತ್ರ ವಿಂಗಡಿಸಿ, ತೂತು ಕೊರೆದು, ಗೊಂಚಲು ಕಟ್ಟಿ ಪ್ಯಾರಿಸ್, ಲಂಡನ್ನುಗಳಿಗೆ ಕಳಿಸುತ್ತಿದ್ದರು. ಅದನ್ನೇ ಜನ ಬಸ್ರಾ ಮುತ್ತು ಎನ್ನುವುದು. ಜಪಾನಿನ ಮಿಕಿಮೊಟೊ 1893ರಲ್ಲಿ ಚಿಪ್ಪಿನೊಳಗೆ ಮುತ್ತನ್ನು ಬೆಳೆಸಿ ತೆಗೆದ. ಆ ಬೆಳೆಸಿದ ಮುತ್ತು ಮಾರುಕಟ್ಟೆ ತುಂಬಿದ ಮೇಲೆ, 1930ರ ದಶಕದಲ್ಲಿ ಕೊಲ್ಲಿಯ ಕಸಬು ಕುಸಿಯಿತು. ಈಗ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಬೆಳೆಸಿದ ಮುತ್ತೇ, ಅದರಲ್ಲೂ ಚೀನಾದ ಸಿಹಿನೀರಿನದು. ಅದು ಖೋಟಾ ಅಲ್ಲ, ಚಿಪ್ಪೇ ಹೆತ್ತದ್ದು. ಖೋಟಾ ಎಂದರೆ ಗಾಜಿನ ಮಣಿಗೆ ಬಣ್ಣ ಲೇಪಿಸಿದ್ದು. ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದರೆ ಚಿಪ್ಪಿನ ಮುತ್ತು ಸಣ್ಣ ಮರಳಿನಂತೆ ತರಕಲಾಗಿ ತಾಗುತ್ತದೆ, ಗಾಜಿನದು ಜಾರುತ್ತದೆ. ಆದರೆ ಬೆಳೆಸಿದ್ದೋ ಸಹಜವಾದದ್ದೋ ಎಂಬುದನ್ನು ಹಲ್ಲು ಹೇಳಲಾರದು. ಅದಕ್ಕೆ ಪ್ರಯೋಗಶಾಲೆಯ ಕ್ಷಕಿರಣ ಪರೀಕ್ಷೆ ಬೇಕು. ಬಸ್ರಾ ಎಂದು ಹೇಳಿ ಬಸ್ರಾದ ಬೆಲೆ ಕೇಳಿದರೆ ಪ್ರಮಾಣಪತ್ರ ಕೇಳಲು ಸಂಕೋಚ ಬೇಡ.

ಇದೇ ಅಲೆದಾಟದಲ್ಲಿ ಉಪನಗರದ ಒಂದು ಅಂಗಡಿಯವರು ಅವ್ವನ ಹೆಸರು ಕೇಳಿಯೇ ಸಾಡೇಸಾತಿ ನಡೆದಿದೆಯೆಂದೂ ನೀಲ ತೊಡದಿದ್ದರೆ ಗಂಡಾಂತರವೆಂದೂ ಹೇಳಿದರು. ಜಾತಕವೇ ಇಲ್ಲದವಳಿಗೆ ಶನಿ ಎಲ್ಲಿಂದ ಬಂದ ಎಂದು ಕೇಳಿ ಎದ್ದುಬಂದೆವು. ನಂಬಿಕೆ ಇದ್ದವರು ನಂಬಿದ ಹಿರಿಯರನ್ನು ಕೇಳಲಿ. ಹೆದರಿಸಿ ಮಾರುವವರಿಂದ ಮಾತ್ರ ಕೊಳ್ಳುವುದು ಬೇಡ.

ಕೊಳ್ಳುವಾಗ ಇನ್ನೆರಡು ಎಚ್ಚರಿಕೆ. ಹರಳಿನ ತೂಕವನ್ನು ರತ್ತಿಯಲ್ಲಿ ಹೇಳಿದರೆ ಕ್ಯಾರೆಟ್ಟಿನಲ್ಲಿ ಬರೆಸಿಕೊಳ್ಳಿ. ರತ್ತಿ ಅಂಗಡಿಯಿಂದ ಅಂಗಡಿಗೆ ಬದಲಾದೀತು. 5 ಕ್ಯಾರೆಟ್ಟಿಗೆ 1 ಗ್ರಾಂ ಎಂಬುದು ಎಲ್ಲೆಡೆ ಒಂದೇ. ಬಂಗಾರದಲ್ಲಿ ಕೂರಿಸಿದ್ದಾದರೆ ಹರಳಿನ ತೂಕ ಬೇರೆ, ಬಂಗಾರದ ತೂಕ ಬೇರೆ ಬಿಲ್ಲಿನಲ್ಲಿರಬೇಕು. ಇಲ್ಲವಾದರೆ ಕಲ್ಲಿಗೂ ಬಂಗಾರದ ಬೆಲೆ ತೆತ್ತಂತೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನಲ್ಲಿ ಆರು ಅಂಕಿ-ಅಕ್ಷರಗಳ ಗುರುತು ಕಡ್ಡಾಯವಾಗಿದೆ. ಅದನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ತಾಳೆ ನೋಡಬಹುದು. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ಅಂಥದ್ದಕ್ಕೆ ಬಿಲ್ಲಿನಲ್ಲಿ ಶುದ್ಧತೆಯನ್ನು ಬರೆಸಿಕೊಳ್ಳುವುದು ಲೇಸು.

ಇನ್ನು ಆರೈಕೆ. ನಮ್ಮ ಮನೆಗಳಲ್ಲಿ ಒಡವೆ ತೊಳೆಯುವುದೆಂದರೆ ಎಲ್ಲವನ್ನೂ ಒಂದೇ ಬೋಗುಣಿಗೆ ಹಾಕಿ ಅಂಟುವಾಳದ ಬಿಸಿನೀರಿನಲ್ಲಿ ನೆನೆಸುವುದು. ಬರೀ ಬಂಗಾರಕ್ಕೆ ಅದು ಒಳ್ಳೆಯದೇ. ವಜ್ರಕ್ಕೂ ಆದೀತು, ವಜ್ರಕ್ಕೆ ಜಿಡ್ಡು ಬೇಗ ಹತ್ತುತ್ತದೆ, ಉಗುರುಬೆಚ್ಚನೆಯ ಸೋಪಿನ ನೀರು, ಮೆತ್ತನೆಯ ಬ್ರಶ್ ಸಾಕು. ಪಚ್ಚೆಗೆ ಮಾತ್ರ ಬಿಸಿನೀರು ಬೇಡ. ಅದರೊಳಗೆ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ, ಅವು ಕಾಣದಂತೆ ಎಣ್ಣೆ ತುಂಬಿಸಿರುತ್ತಾರೆ. ಬಿಸಿಗೆ ಎಣ್ಣೆ ಹೊರಟುಹೋಗುತ್ತದೆ. ಅಗ್ಗದ ಮಾಣಿಕ್ಯದ ಬಿರುಕುಗಳಲ್ಲಿ ಸೀಸದ ಗಾಜು ತುಂಬಿಸಿದ್ದಿದ್ದರೆ ನಿಂಬೆರಸ ತಾಗಿದರೂ ಕೆಡುತ್ತದೆ. ಮುತ್ತು, ಹವಳಗಳಂತೂ ಸುಣ್ಣದ ಜಾತಿ. ಬೆಳ್ಳಿ ಪಾತ್ರೆ ಬೆಳಗುವ ಹುಣಸೆಹಣ್ಣಿನ ಹತ್ತಿರವೂ ಸುಳಿಯಕೂಡದು. ಹುಳಿ ಅದರ ಹೊಳಪನ್ನೇ ತಿನ್ನುತ್ತದೆ. ಗಡಸುತನದಲ್ಲಿ ವಜ್ರಕ್ಕೆ 10, ಮಾಣಿಕ್ಯ-ನೀಲಗಳಿಗೆ 9 ಆದರೆ ಮುತ್ತಿಗೆ ಮೂರರ ಆಸುಪಾಸು. ಆದ್ದರಿಂದ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ಮುತ್ತಿಗೆ ಗೀರು ಬೀಳುವುದು ಖಂಡಿತ. ಅದಕ್ಕೊಂದು ಮೆತ್ತನೆಯ ಬಟ್ಟೆಯ ಚೀಲ ಪ್ರತ್ಯೇಕವಾಗಿರಲಿ.

ಮುತ್ತಿನ ಸರಕ್ಕೆ ಪೌಡರ್, ಅತ್ತರು, ತಲೆಯೆಣ್ಣೆ ಎಲ್ಲ ಮುಗಿದ ಮೇಲೆ ಕೊನೆಯ ಸರದಿ; ಮನೆಗೆ ಬಂದೊಡನೆ ಕಳಚುವಾಗ ಮೊದಲ ಸರದಿ. ನಮ್ಮ ಊರಿನ ಬೆವರು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ತೆಗೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿಡಬೇಕು. ಮುತ್ತಿನಿಂದ ಮುತ್ತಿಗೆ ಗಂಟು ಹಾಕಿಸಿದ್ದರೆ ದಾರ ಹರಿದರೂ ಲೋಕಲ್ ಗಾಡಿಯ ತುಂಬ ಮುತ್ತು ಚೆಲ್ಲುವುದಿಲ್ಲ. ಇಲ್ಲಿಯ ಮಳೆಗಾಲದಲ್ಲಿ ಮೊದಲು ಕೊಳೆಯುವುದು ರೇಶಿಮೆ ದಾರ, ಆಗಾಗ ಬದಲಾಯಿಸಲೇಬೇಕು.

ಅವ್ವನ ಸಮಾರಂಭ ಡೊಂಬಿವಲಿಯ ಮನೆಯಲ್ಲೇ ನಡೆಯಿತು. ಆರತಿಯಾದ ಮೇಲೆ ನಡುವಿನವಳು ಡಬ್ಬಿ ಕೊಟ್ಟಳು. “ನನಗ್ಯಾಕ ಬೇಕಿತ್ತವ್ವಾ ಇದು ಈಗ?” ಎಂದಳು ಅವ್ವ, ನಾವು ಎಣಿಸಿದಂತೆಯೇ. ಊರಿನಿಂದ ಬಂದ ಸೋದರತ್ತೆಯೂ ಅಣ್ಣ ಹೋದ ಮೇಲೆ ಇದೆಲ್ಲ ಯಾಕೆಂದು ಮೆಲ್ಲಗೆ ಅಂದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವ್ವ ಸರವನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಉಳಿದಿರುವ ನಾಲ್ಕು ಮುಂದಿನ ಹಲ್ಲುಗಳಲ್ಲೊಂದಕ್ಕೆ ಒಂದು ಮುತ್ತನ್ನು ಉಜ್ಜಿ ನೋಡಿದಳು! ನಮಗೆ ಬಜಾರಿನಲ್ಲಿ ಕಲಿಸಿದ ವಿದ್ಯೆ ಅವಳಿಗೆ ತವರಿನಲ್ಲೇ ಬಂದಿತ್ತು. “ಖರೇ ಅದಾವ” ಎಂದಳು. ಆಮೇಲೆ ಸೋದರತ್ತೆಯ ಕಡೆ ತಿರುಗಿ, “ಬುಗುಡಿ ಒಯ್ದು ಇಟ್ಟು ಬಂದಾವ್ರೂ ನಿಮ್ಮಣ್ಣನ ಅಲ್ಲೇನು? ಬಿಡಿಸಿಕೊಂಡು ಬರ್ತೀನಿ ಅಂದಿದ್ರು. ಮಕ್ಕಳು ಬಿಡಿಸಿಕೊಂಡು ಬಂದಾರ ಅಂತ ತಿಳೀರಿ” ಎಂದು ತಾನೇ ತಲೆಯ ಮೇಲಿಂದ ಹಾಕಿಕೊಂಡಳು. ನಲವತ್ತೆರಡು ವರ್ಷಗಳಲ್ಲಿ ಬುಗುಡಿಯ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸರ ಸರಿಯಾಗಿ ಕೂತಿಲ್ಲವೆಂದು ತಾವೇ ಸರಿಮಾಡಿದರು.

ಅಂದಿನಿಂದ ಆ ಸರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವನ ಕೊರಳಿಗೆ ಬರುತ್ತದೆ, ಮಲಗುವ ಮುಂಚೆ ಚೀಲಕ್ಕೆ ಹೋಗುತ್ತದೆ. ಲಾಕರಿನಲ್ಲಿ ಇಡುವ ಮಾತು ತೆಗೆದರೆ ಅವಳು ಒಪ್ಪುವುದಿಲ್ಲ. ಮುತ್ತಿಗೂ ಮುಚ್ಚಿದ ಪೆಟ್ಟಿಗೆಗಿಂತ ಮೈಯ ಸಂಗವೇ ಹಿತವಂತೆ. ಮಳೆಗಾಲ ಮುಗಿದು ದೀಪಾವಳಿ ಬರುವ ಮುಂಚೆ ದಾರ ಬದಲಾಯಿಸುವ ಕೆಲಸವನ್ನು ಮೂವರೂ ಸರದಿಯಂತೆ ಹಂಚಿಕೊಂಡಿದ್ದೇವೆ. ದಾದರಿಗೆ ಒಯ್ದವರು ಎದುರಿಗೇ ಕೂತು ಮುತ್ತುಗಳನ್ನು ಎಣಿಸಿ ಕೊಟ್ಟು, ಎಣಿಸಿ ತರಬೇಕೆಂಬುದು ಅವ್ವನ ಅಪ್ಪಣೆ.